ಗೋಣೆಪ್ಪನ ಎಂಟು ಗಂಟೆ

ನ್ಯಾಮತಿಯ ಬಜಾರಿನಲ್ಲಿ ಜಗಳಕ್ಕೆ ಸಿಗದೆ ಉಳಿದಿದ್ದ ವಿಷಯ ಒಂದೇ ಒಂದು: ಬೆಳಗಿನ ಎಂಟು ಗಂಟೆ. ತೂಕ, ಅಳತೆ, ಬೇಲಿ, ಬೀಗತನ, ಸ್ವಾಮಿಗಳ ಪಲ್ಲಕ್ಕಿ ಯಾವ ಬೀದಿಗೆ ಮೊದಲು ಬರಬೇಕು ಎಂಬುದು, ಇವೆಲ್ಲಕ್ಕೂ ಊರಲ್ಲಿ ಎರಡೆರಡು ಪಕ್ಷಗಳಿದ್ದವು. ಎಂಟು ಗಂಟೆಗೆ ಮಾತ್ರ ಪಕ್ಷವಿರಲಿಲ್ಲ. ಗೋಣೆಪ್ಪನ ಬಸ್ಸು ಸವಳಂಗದಿಂದ ಬಂದು ಸೇದುವ ಬಾವಿಯ ತಿರುವಿನಲ್ಲಿ ಮೂರು ಸಲ ಹಾರನ್ ಮಾಡಿತೆಂದರೆ ಎಂಟಾಯಿತು. ಬಜಾರಿನಲ್ಲಿ ಆಗ ಗೋಡೆಯವು, ಜೇಬಿನವು ಎಲ್ಲ ಸೇರಿ ಹನ್ನೊಂದು ಗಡಿಯಾರಗಳಿದ್ದವು. ಹಾರನ್ ಕಿವಿಗೆ ಬಿದ್ದ ಕೂಡಲೇ ಹನ್ನೊಂದು ಜನರೂ ತಲೆ ಎತ್ತದೆ ಕೈ ಚಾಚಿ ಮುಳ್ಳನ್ನು ಎಂಟಕ್ಕೆ ತಿರುವುತ್ತಿದ್ದರು. ಮೂಗು ತುರಿಸಿದರೆ ಕೈ ತಾನಾಗಿ ಹೋಗುವುದಿಲ್ಲವೇ, ಹಾಗೆ.

ಮೂವತ್ತರ ದಶಕದ ಮಾತು ಇದು. ಗಡಿಯಾರ ಇಟ್ಟವರು ಹನ್ನೊಂದು ಜನ ಇದ್ದರೂ ಗೋಣೆಪ್ಪನ ಹತ್ತಿರ ಗಡಿಯಾರ ಇರಲಿಲ್ಲ. ಅವನು ಜಗಳೂರು ಸೀಮೆಯ ಬಿಳಿಚೋಡಿನವನು, ಕುರಿ ಕಾಯುವ ಮನೆಯಲ್ಲಿ ಹುಟ್ಟಿದವನು. ಹದಿನೆಂಟು ವರ್ಷದವರೆಗೆ ಕುರಿಯ ಹಿಂದೆ ತಿರುಗಿ, ತನ್ನ ನೆರಳು ಎಷ್ಟು ಹೆಜ್ಜೆ ಇದೆ ಎಂದು ನೋಡಿ ಹೊತ್ತು ಹೇಳುವುದನ್ನು ಕಲಿತಿದ್ದ. ಮೋಡ ಮುಚ್ಚಿದ ದಿನ ಹೊಟ್ಟೆಯನ್ನು ಕೇಳಿ ಹೇಳುತ್ತಿದ್ದ. ಒಂದು ದಿನ ಊರ ಹೊರಗೆ ಕಂಟ್ರಾಕ್ಟರರ ಲಾರಿಯೊಂದು ಕೆಟ್ಟು ನಿಂತಾಗ ಗೋಣೆಪ್ಪ ಹೋಗಿ ಹಿಂದಿನಿಂದ ತಳ್ಳಿದ. ತಳ್ಳಿದವನನ್ನು ಬಿಟ್ಟು ಹೋಗುವುದು ಮರ್ಯಾದೆಯಲ್ಲವೆಂದು ಲಾರಿಯವನು ಹತ್ತಿಸಿಕೊಂಡ. ಇಳಿಸುವುದನ್ನು ಮರೆತ. ಗೋಣೆಪ್ಪನಿಗೆ ವಿದ್ಯೆ ದೊರೆತದ್ದು ಹೀಗೆ. ನಾಲ್ಕು ವರ್ಷ ಕ್ಲೀನರ್ ಆಗಿದ್ದು, ಲೈಸೆನ್ಸ್ ಮಾಡಿಸಿಕೊಂಡು, ಚನ್ನಗಿರಿಯ ಅಡಿಕೆ ವ್ಯಾಪಾರಿ ಮಹೇಶ್ವರಪ್ಪನವರ ಬಸ್ಸಿಗೆ ಡ್ರೈವರ್ ಆದ. ರಾತ್ರಿ ಸವಳಂಗದಲ್ಲಿ ವಸ್ತಿ. ಬೆಳಿಗ್ಗೆ ಏಳಕ್ಕೆ ಅಲ್ಲಿಂದ ಹೊರಟು, ಎಂಟಕ್ಕೆ ನ್ಯಾಮತಿ, ಅಲ್ಲಿಂದ ಹೊನ್ನಾಳಿ. ಸಂಜೆ ಅದೇ ದಾರಿಯಲ್ಲಿ ವಾಪಸು.

ಎಂಟು ಗಂಟೆಯನ್ನು ಗೋಣೆಪ್ಪ ಹೇಗೆ ಸಂಪಾದಿಸುತ್ತಿದ್ದ ಎಂಬುದು ನ್ಯಾಮತಿಯವರಿಗೆ ಗೊತ್ತಿರಲಿಲ್ಲ. ಅವನ ಕೈ ಬಹಳ ಚುರುಕು. ದಾರಿಯ ಯಾವ ಗುಂಡಿಗೆ ಎಡಕ್ಕೆ ಎಳೆಯಬೇಕು, ಯಾವ ಏರಿಗೆ ಮೊದಲೇ ಗೇರು ಇಳಿಸಬೇಕು ಎನ್ನುವುದು ಅವನಿಗೆ ನಿದ್ದೆಯಲ್ಲೂ ಗೊತ್ತಿತ್ತು. ಹೆಚ್ಚು ಕಡಿಮೆ ಪ್ರತಿದಿನ ಅವನು ಊರ ಹತ್ತಿರಕ್ಕೆ ಹತ್ತು ಹನ್ನೆರಡು ನಿಮಿಷ ಮೊದಲೇ ಬಂದುಬಿಡುತ್ತಿದ್ದ. ಬಂದವನು ಊರಿಗೆ ಅರ್ಧ ಮೈಲಿ ಇರುವಾಗ ಹುಣಸೆಮರದಡಿ ಬಸ್ಸು ನಿಲ್ಲಿಸಿ, ರೇಡಿಯೇಟರಿಗೆ ನೀರು ಹಾಕುವ ನೆವ ಮಾಡಿ, ನೆರಳು ನೋಡಿಕೊಂಡು ಕಾಯುತ್ತಿದ್ದ. ಬೇಗ ಹೋಗಿ ಜನರನ್ನು ಗಡಿಬಿಡಿ ಮಾಡಿಸುವುದು ಅವನಿಗೆ ಸರಿಕಾಣುತ್ತಿರಲಿಲ್ಲ. ಹೀಗಾಗಿ ಅವನು ಎಂಥ ಡ್ರೈವರ್ ಎಂಬುದನ್ನು ಯಾರೂ ಕಂಡಿರಲಿಲ್ಲ. ವೇಳೆಗೆ ಸರಿಯಾಗಿ ಬರುತ್ತಾನೆ, ಪಾಪದ ಮನುಷ್ಯ, ಎನ್ನುತ್ತಿದ್ದರು.

ಗೋಣೆಪ್ಪನಿಗೆ ಹೆಂಡತಿ ಇದ್ದಳು. ಹೆಸರು ಅಜ್ಜಮ್ಮ. ಆಕೆ ಇದ್ದದ್ದು ಬಿಳಿಚೋಡಿನಲ್ಲಿ, ನಲವತ್ತು ಕುರಿ ಮತ್ತು ಕಣ್ಣು ಮಂಜಾದ ಅತ್ತೆಯ ಜೊತೆ. ಅಮಾವಾಸ್ಯೆಯ ದಿನ ಬಸ್ಸು ಹೊರಡುತ್ತಿರಲಿಲ್ಲ. ಗೋಣೆಪ್ಪ ಹಿಂದಿನ ಸಂಜೆ ಬಸ್ಸನ್ನು ಸವಳಂಗದಲ್ಲಿ ಬಿಟ್ಟು ಹೊನ್ನಾಳಿಗೆ ಹೋಗಿ, ಹೊಳೆ ದಾಟಿ, ಸಿಕ್ಕಿದ ಲಾರಿ ಹತ್ತಿ ದಾವಣಗೆರೆ ಸೇರಿ, ಅಲ್ಲಿಂದ ಗಾಡಿಯೋ ಕಾಲೋ ಯಾವುದು ಒದಗಿದರೆ ಅದರಲ್ಲಿ ಊರು ಮುಟ್ಟುತ್ತಿದ್ದ. ಮಾರನೆಯ ದಿನ ಉಂಡು ವಾಪಸು. ಮದುವೆಯಾಗಿ ಒಂಬತ್ತು ವರ್ಷ, ಅದರಲ್ಲಿ ಎಂಟು ವರ್ಷ ಇದೇ ನಡೆದಿತ್ತು. ಗೋಣೆಪ್ಪ ಇಲ್ಲದ ದಿನ ನ್ಯಾಮತಿಯಲ್ಲಿ ಎಂಟು ಗಂಟೆ ಅಂದಾಜಿನ ಮೇಲೆ ಆಗುತ್ತಿತ್ತು.

"ಕುರಿ ಮಾರಿ ಬಂದುಬಿಡು, ಸವಳಂಗದಾಗೆ ಒಂದು ಮನೆ ಮಾಡಾನ," ಎಂದು ಅವನು ಪ್ರತಿ ಅಮಾವಾಸ್ಯೆಗೂ ಹೇಳುತ್ತಿದ್ದ.

"ಬಸ್ಸು ಬಿಟ್ಟು ಬರ್ರಿ, ಇಲ್ಲೇ ಮನಿ ಐತೆ," ಎಂದು ಆಕೆ ಪ್ರತಿ ಅಮಾವಾಸ್ಯೆಗೂ ಹೇಳುತ್ತಿದ್ದಳು.

ಇಬ್ಬರೂ ಹೇಳಿದ್ದು ನ್ಯಾಯವಾಗಿಯೇ ಇದ್ದುದರಿಂದ ಮಾತು ಅಲ್ಲಿಗೆ ನಿಲ್ಲುತ್ತಿತ್ತು. ಗೋಣೆಪ್ಪನಿಗೆ ಒಬ್ಬನೇ ಸವಳಂಗದ ಬಸ್ಸಿನ ಸೀಟಿನ ಮೇಲೆ ಮಲಗಿ ಮಲಗಿ ಸಾಕಾಗಿತ್ತು. ಇದನ್ನು ಅವನು ಯಾರಿಗೂ ಹೇಳಲಿಲ್ಲ. ಡ್ರೈವರ್ ಆದವನು ಹೆಂಡತಿಯ ನೆನಪಾಗುತ್ತದೆ ಎಂದರೆ ಜನ ನಗುತ್ತಾರೆ.

ಸಾವಿರದ ಒಂಬೈನೂರ ಮೂವತ್ತೊಂಬತ್ತನೆಯ ಇಸವಿ ಹುಟ್ಟುವ ಹೊತ್ತಿಗೆ ಮಹೇಶ್ವರಪ್ಪನವರಿಗೆ ಹೊಸ ಲೈನಿಗೆ ಪರ್ಮಿಟ್ ಸಿಕ್ಕಿತು. ಚನ್ನಗಿರಿಯಿಂದ ದಾವಣಗೆರೆಯ ಮೇಲೆ ಜಗಳೂರಿಗೆ. ರಾತ್ರಿ ವಸ್ತಿ ಎಲ್ಲಿ ಎಂದರೆ ಬಿಳಿಚೋಡಿನಲ್ಲಿ. ಈ ಸುದ್ದಿ ಕೇಳಿದ ದಿನ ಗೋಣೆಪ್ಪನಿಗೆ ಹುಣಸೆಮರದಡಿ ಕೂತಲ್ಲಿ ಕೂರಲಾಗಲಿಲ್ಲ. ದಿನಾ ರಾತ್ರಿ ತನ್ನ ಬಸ್ಸು ತನ್ನ ಊರಲ್ಲಿ. ದಿನಾ ರಾತ್ರಿ ತನ್ನ ಮನೆಯ ಊಟ. ಚನ್ನಗಿರಿಗೆ ಹೋಗಿ ಮಹೇಶ್ವರಪ್ಪನವರ ಅಂಗಡಿಯ ಮುಂದೆ ನಿಂತು, "ಸಾವ್ಕಾರ್ರೆ, ಆ ಲೈನು ನನಗೆ ಕೊಡ್ರಿ," ಎಂದು ಬಾಯಿಬಿಟ್ಟು ಕೇಳಿದ. ಜೀವಮಾನದಲ್ಲಿ ಅವನು ಕೇಳಿದ ಮೊದಲನೆಯ ವಸ್ತು ಅದು.

ಅದೇ ಲೈನನ್ನು ಪಾಪಣ್ಣನೂ ಕೇಳಿದ್ದ. ಪಾಪಣ್ಣ ಮಹೇಶ್ವರಪ್ಪನವರ ಇನ್ನೊಂದು ಬಸ್ಸಿನ ಡ್ರೈವರ್, ಚನ್ನಗಿರಿಯವನೇ, ಮನೆಯಲ್ಲಿ ಹೆಂಡತಿ, ಹೆಂಡತಿಯ ತಾಯಿ, ಆ ತಾಯಿಯ ತಂಗಿ. ರಾತ್ರಿ ಮನೆಗೆ ಹೋಗದೆ ಇರಬಹುದಾದ ಒಂದು ನೌಕರಿ ಬೇಕೆಂದು ಅವನು ಬಹಳ ದಿನದಿಂದ ಹುಡುಕುತ್ತಿದ್ದ. ಇಬ್ಬರಲ್ಲಿ ಯಾರಿಗೆ ಕೊಟ್ಟರೂ ಇನ್ನೊಬ್ಬನ ಮುಖ ನೋಡಬೇಕಲ್ಲ ಎಂದು ಮಹೇಶ್ವರಪ್ಪನವರು ತಲೆಕೆಡಿಸಿಕೊಂಡಿದ್ದರು. ಅಷ್ಟರಲ್ಲಿ ಮೋಟಾರ್ ರೇಸ್ ಬಂತು.

ಬೆಂಗಳೂರು ಕಡೆಯ ಒಂದು ಮೋಟಾರ್ ಸಂಘದವರಿಗೆ ರೇಸ್ ನಡೆಸುವ ಹುಕಿ. ದೊಡ್ಡವರ ಮಕ್ಕಳು ಷೋಕಿಗೆ ಓಡಿಸುವ ರೇಸ್ ಅಲ್ಲ ಇದು. ಹೊಟ್ಟೆಪಾಡಿಗೆ ಸ್ಟೇರಿಂಗ್ ಹಿಡಿದ ಸಂಬಳದ ಡ್ರೈವರುಗಳಿಗೆ ಮಾತ್ರ. ಶಿವಮೊಗ್ಗದಿಂದ ಹೊರಟು ಸವಳಂಗದ ಮೇಲೆ ನ್ಯಾಮತಿಯ ಚಾವಡಿಯವರೆಗೆ, ಇಪ್ಪತ್ತನಾಲ್ಕು ಮೈಲಿ. ಕಾರು ಸಾಹುಕಾರರದು, ಕೈ ಡ್ರೈವರದು. ದಾರಿ ಒಂದೇ ಗಾಡಿಯ ಅಗಲ ಇದ್ದುದರಿಂದ ಎಲ್ಲರನ್ನೂ ಒಟ್ಟಿಗೆ ಬಿಡುವಂತಿರಲಿಲ್ಲ. ಹತ್ತು ಹತ್ತು ನಿಮಿಷಕ್ಕೆ ಒಂದೊಂದು ಕಾರು ಬಿಡುವುದು, ಹೊರಟ ವೇಳೆ ಅಲ್ಲಿ, ಮುಟ್ಟಿದ ವೇಳೆ ಇಲ್ಲಿ ಬರೆದುಕೊಳ್ಳುವುದು, ಯಾರಿಗೆ ಕಡಿಮೆ ನಿಮಿಷವೋ ಅವನು ಗೆದ್ದ. ಮಹೇಶ್ವರಪ್ಪನವರು ತಮ್ಮ ಒಂದು ಕಾರು, ಬೀಗರ ಒಂದು ಕಾರು, ಎರಡನ್ನೂ ರೇಸಿಗೆ ಹಚ್ಚಿ, ಊರ ನಾಲ್ಕು ಜನರೆದುರು ಹೇಳಿಬಿಟ್ಟರು. "ನೀವಿಬ್ರೂ ಓಡಿಸ್ರಪ್ಪ. ಮುಂದೆ ಬಂದೋನಿಗೆ ಜಗಳೂರು ಲೈನು. ಆಮೇಲೆ ನನ್ನ ಕೇಳಬ್ಯಾಡ್ರಿ."

ಅಮಾವಾಸ್ಯೆಗೆ ಊರಿಗೆ ಹೋದ ಗೋಣೆಪ್ಪ ಹೆಂಡತಿಗೆ ಹೇಳಿದ, "ಬರೋ ಅಮಾಸಿಗೆ ಬಸ್ಸು ತಗೊಂಡೇ ಬರ್ತೀನಿ. ಮನಿ ಮುಂದೇನೇ ನಿಲ್ಲಿಸ್ತೀನಿ."

"ಕುರಿ ಬೆದರ್ತಾವೆ," ಅಂದಳು ಅಜ್ಜಮ್ಮ. "ಚೂರು ದೂರ ನಿಲ್ಲಿಸ್ರಿ."

ಆದರೆ ಆ ರಾತ್ರಿ ಆಕೆ ಮುದ್ದೆಗೆ ತುಪ್ಪ ಹಾಕಿದ್ದು ಎರಡು ಸಲ. ಗೋಣೆಪ್ಪ ಅದನ್ನು ಗಮನಿಸಿದ. ಈ ರೇಸನ್ನು ಸೋಲುವ ಹಾಗಿಲ್ಲ ಎಂದುಕೊಂಡ.

ನ್ಯಾಮತಿಯಲ್ಲಿ ಕಾರು ಮುಟ್ಟಿದ ವೇಳೆ ಬರೆದುಕೊಳ್ಳಲು ಒಬ್ಬ ನಂಬಿಕಸ್ಥ ಬೇಕಾಗಿತ್ತು. ಸಂಘದ ಕಾರ್ಯದರ್ಶಿಗಳು ವಿಚಾರಿಸಿದಾಗ ಊರಿಗೆ ಊರೇ ಬೆರಳು ತೋರಿಸಿದ್ದು ಷಣ್ಮುಖಪ್ಪನವರನ್ನು. ಜವಳಿ ಅಂಗಡಿಯ ಷಣ್ಮುಖಪ್ಪನವರು ಅರವತ್ತು ವರ್ಷದಲ್ಲಿ ಒಂದು ಗೇಣು ಬಟ್ಟೆ ಕಡಿಮೆ ಹರಿದವರಲ್ಲ. ಅವರ ಜೇಬಿನಲ್ಲಿ ತಂದೆಯ ಕಾಲದ ಬೆಳ್ಳಿ ಗಡಿಯಾರ ಸರಪಳಿ ಸಮೇತ ಇತ್ತು. ಅದು ದಿನಕ್ಕೆ ಒಂದು ನಿಮಿಷ ಹಿಂದೆ ಬೀಳುತ್ತಿತ್ತು, ಗೋಣೆಪ್ಪ ಬಂದಾಗ ಅವರು ಸರಿಮಾಡಿಕೊಳ್ಳುತ್ತಿದ್ದರು. ಕಾರ್ಯದರ್ಶಿಗಳು ಹಿಂದಿನ ಸಂಜೆ ಬಂದು ಆ ಗಡಿಯಾರವನ್ನು ತಮ್ಮ ಗಡಿಯಾರಕ್ಕೆ ಹೊಂದಿಸಿ, ಒಂದು ಪುಸ್ತಕ, ಒಂದು ಪೆನ್ಸಿಲು ಕೊಟ್ಟು, "ಯಜಮಾನರೇ, ಇನ್ನು ರೇಸ್ ಮುಗಿಯುವವರೆಗೆ ಮುಳ್ಳು ಮುಟ್ಟಬೇಡಿ," ಎಂದು ಹೇಳಿ ಶಿವಮೊಗ್ಗಕ್ಕೆ ಹೋದರು.

"ಮುಟ್ಟೋ ಮಾತೇ ಇಲ್ಲ," ಎಂದರು ಷಣ್ಮುಖಪ್ಪನವರು. ಆ ರಾತ್ರಿ ಅವರು ಗಡಿಯಾರವನ್ನು ದೇವರ ಗೂಡಿನಲ್ಲಿ ಇಟ್ಟು ಮಲಗಿದರು.

ಭಾನುವಾರ ಬೆಳಿಗ್ಗೆ ಶಿವಮೊಗ್ಗದಲ್ಲಿ ಚೀಟಿ ಎತ್ತಿದರು. ನಾಲ್ಕು ಕಾರು. ಹೊನ್ನಾಳಿಯ ಮುರುಗೇಶಪ್ಪನಿಗೆ ಆರೂವರೆ. ಪಾಪಣ್ಣನಿಗೆ ಆರು ನಲವತ್ತು. ಚನ್ನಗಿರಿಯ ನಾಗೇಂದ್ರಪ್ಪನಿಗೆ ಆರು ಐವತ್ತು. ಗೋಣೆಪ್ಪನಿಗೆ ಏಳು ಗಂಟೆ. ಗೋಣೆಪ್ಪನಿಗೆ ಸಂತೋಷವಾಯಿತು. ಏಳಕ್ಕೆ ಹೊರಡುವುದು ಅವನಿಗೆ ರೂಢಿ.

ಆ ದಿನ ಅವನು ಓಡಿಸಿದ್ದನ್ನು ನೋಡಿದವರು ಹೆಚ್ಚು ಜನ ಇಲ್ಲ. ಎಮ್ಮೆ ಹೊಡೆದುಕೊಂಡು ಹೋಗುವವರು, ಕಟ್ಟಿಗೆ ಹೊರೆಯವರು ಕೆಲವರು ನೋಡಿದರು, ಅವರನ್ನು ಯಾರೂ ಕೇಳಲಿಲ್ಲ. ಸವಳಂಗದ ಈಚೆಗೆ ನಾಗೇಂದ್ರಪ್ಪನ ಕಾರು ಹುಲ್ಲಿನ ಬಣವೆಯೊಳಗೆ ಅರ್ಧ ಹೊಕ್ಕು ನಿಂತಿತ್ತು. ನಾಗೇಂದ್ರಪ್ಪ ಬಣವೆಯ ಮೇಲೆ ಕೂತು ಬೀಡಿ ಸೇದುತ್ತಿದ್ದ. ಗೋಣೆಪ್ಪ ಅವನಿಗೆ ಕೈಯೆತ್ತಿ ಮುಂದೆ ಹೋದ. ಎಂಟು ವರ್ಷ ಹುಣಸೆಮರದಡಿ ಕಾದು ಉಳಿಸಿದ ವೇಗವನ್ನೆಲ್ಲ ಅವನು ಅಂದು ಖರ್ಚು ಮಾಡಿದ. ಏರಿನಲ್ಲಿ ಇಳಿಸಬೇಕಾದ ಗೇರನ್ನು ಇಳಿಸಿದ, ಗುಂಡಿಗೆ ಎಡಕ್ಕೆ ಎಳೆದ, ಹಳ್ಳದ ಮರಳಲ್ಲಿ ಕಾಲು ಎತ್ತಲೇ ಇಲ್ಲ. ಹುಣಸೆಮರ ಬಂತು. ನಿಲ್ಲದೆ ಅದನ್ನು ದಾಟಿದ್ದು ಅದೇ ಮೊದಲು. ಎದೆ ಹಗುರಾಗಿ ಅವನಿಗೆ ನಗು ಬಂತು. ನೆರಳು ನೋಡಿದ: ಎಂಟಕ್ಕೆ ಇನ್ನೂ ಬಹಳ ಹೊತ್ತಿತ್ತು. ಗೆದ್ದೆ ಅಂದುಕೊಂಡ.

ಮುಂದೆ ಸೇದುವ ಬಾವಿಯ ತಿರುವು. ಆ ತಿರುವಿನಲ್ಲಿ ಎದುರಿಗೆ ಏನಿದೆ ಎಂದು ಕಾಣುವುದಿಲ್ಲ. ಬೆಳಗಿನ ಹೊತ್ತು ನೀರಿನ ಹೆಂಗಸರು ಎರಡೆರಡು ಕೊಡ ಹೊತ್ತು ರಸ್ತೆ ದಾಟುತ್ತಾರೆ. ರೇಸ್ ಇದ್ದರೂ ಮನೆಗೆ ನೀರು ಬೇಕಲ್ಲ. ಗೋಣೆಪ್ಪನ ಕೈ ಎಂಟು ವರ್ಷದಿಂದ ಅಲ್ಲಿ ಮಾಡಿದ್ದನ್ನೇ ಮಾಡಿತು. ಮೂರು ಸಲ ಹಾರನ್ ಹೊಡೆದ.

ಬಜಾರಿನಲ್ಲಿ ಹನ್ನೊಂದು ಕೈಗಳು ಎದ್ದವು.

ಷಣ್ಮುಖಪ್ಪನವರು ಚಾವಡಿಯ ಮುಂದೆ ಬೆಂಚಿನ ಮೇಲೆ, ಗಡಿಯಾರವನ್ನು ಅಂಗೈಯಲ್ಲಿ ಇಟ್ಟುಕೊಂಡು, ಉಸಿರು ಬಿಗಿಹಿಡಿದು ಕೂತಿದ್ದರು. ಮುರುಗೇಶಪ್ಪ ಬಂದದ್ದು ಏಳು ಇಪ್ಪತ್ತನಾಲ್ಕಕ್ಕೆ, ಪಾಪಣ್ಣ ಬಂದದ್ದು ಏಳು ಇಪ್ಪತ್ತೊಂಬತ್ತಕ್ಕೆ. ಎರಡನ್ನೂ ದುಂಡಾಗಿ ಬರೆದಿದ್ದರು. ಹಾರನ್ ಕೇಳಿತು. ಅವರ ಹೆಬ್ಬೆರಳು ಕೀಲಿಯನ್ನು ಎಳೆದು, ತಿರುವಿ, ಮುಳ್ಳನ್ನು ಎಂಟಕ್ಕೆ ಇಟ್ಟು, ಕೀಲಿಯನ್ನು ಒತ್ತಿತು. ಕಣ್ಣು ಮಾತ್ರ ರಸ್ತೆಯ ಮೇಲೆ ಇತ್ತು. ಕಾರು ಧೂಳೆಬ್ಬಿಸಿಕೊಂಡು ಬಂದು ಸುಣ್ಣದ ಗೆರೆ ದಾಟಿತು. ಷಣ್ಮುಖಪ್ಪನವರು ಗಡಿಯಾರ ನೋಡಿದರು. ಪುಸ್ತಕದಲ್ಲಿ ಬರೆದರು: ಗೋಣೆಪ್ಪ, ಎಂಟು ಗಂಟೆ.

ಆಗ ನಿಜವಾಗಿ ಆಗಿದ್ದದ್ದು ಏಳು ನಲವತ್ಮೂರು. ಗೋಣೆಪ್ಪ ಇಪ್ಪತ್ತನಾಲ್ಕು ಮೈಲಿಯನ್ನು ನಲವತ್ಮೂರು ನಿಮಿಷದಲ್ಲಿ ಬಂದಿದ್ದ. ಪಾಪಣ್ಣನಿಗೆ ಹಿಡಿದದ್ದು ನಲವತ್ತೊಂಬತ್ತು. ಪುಸ್ತಕದ ಪ್ರಕಾರ ಗೋಣೆಪ್ಪನಿಗೆ ಹಿಡಿದದ್ದು ಒಂದು ಗಂಟೆ, ಅಂದರೆ ಊರು ಮುಟ್ಟಿದವರಲ್ಲಿ ಅವನೇ ಕಡೆಯವನು.

ಗೋಣೆಪ್ಪ ಕಾರಿನಿಂದ ಇಳಿದು, ಮುಖದ ಧೂಳು ಒರೆಸಿಕೊಂಡು, ನಗುತ್ತ ಬಂದು ಪುಸ್ತಕ ನೋಡಿದ. ಅಕ್ಷರ ಅಷ್ಟಾಗಿ ಬಾರದಿದ್ದರೂ ಅಂಕಿ ಬರುತ್ತಿತ್ತು. ನಗು ನಿಂತಿತು. ಅವನು ತಿರುಗಿ ಚಾವಡಿಯ ಮೆಟ್ಟಿಲುಗಳನ್ನು ನೋಡಿದ. ಆ ದಿನಗಳಲ್ಲಿ ಎಂಟು ಗಂಟೆಗೆ ಬಿಸಿಲು ಮೂರನೆಯ ಮೆಟ್ಟಿಲಿಗೆ ಬಂದಿರಬೇಕು. ಅದು ಇನ್ನೂ ನೆಲದ ಮೇಲೆ ಇತ್ತು.

"ಸಾವ್ಕಾರ್ರೆ," ಅಂದ ಮೆಲ್ಲಗೆ. "ಬಿಸಿಲು ಇನ್ನೂ ಮೆಟ್ಲು ಹತ್ತಿಲ್ಲ."

ಷಣ್ಮುಖಪ್ಪನವರು ಮೆಟ್ಟಿಲು ನೋಡಿದರು. ಗಡಿಯಾರ ನೋಡಿದರು. ಆಮೇಲೆ ತಮ್ಮ ಹೆಬ್ಬೆರಳನ್ನು ನೋಡಿದರು.

"ಗೋಣೆಪ್ಪ," ಅಂದರು, "ನಿನ್ನ ಕುತ್ತಿಗಿ ಕೊಯ್ದೆ ಕಣಪ್ಪ."

ಅವರು ಆ ಮಾತನ್ನು ಮುಚ್ಚಿಡಲಿಲ್ಲ. ಅದನ್ನು ಒಪ್ಪಬೇಕು. ಕಾರ್ಯದರ್ಶಿಗಳು ಶಿವಮೊಗ್ಗದಿಂದ ತಮ್ಮ ಕಾರಿನಲ್ಲಿ ಬಂದು ಇಳಿದು, ಚಾವಡಿಯಲ್ಲಿ ಜನ ಸೇರಿದಾಗ, ಷಣ್ಮುಖಪ್ಪನವರು ಎದ್ದು ನಿಂತು, ಕೈಮುಗಿದು, ಎಲ್ಲರೆದುರು ಹೇಳಿದರು: "ಸ್ವಾಮಿ, ನೀವು ಮುಟ್ಟಬೇಡ ಅಂದ ಮುಳ್ಳು ಮುಟ್ಟಿಬಿಟ್ಟೆ. ಹಾರನ್ ಕೇಳ್ತು, ಕೈ ತಿರುವಿಬಿಡ್ತು. ಗೋಣೆಪ್ಪ ಬಂದಾಗ ಎಂಟು ಆಗಿರಲಿಲ್ಲ. ತಪ್ಪು ನಂದು." ಅರವತ್ತು ವರ್ಷ ಕಾಪಾಡಿದ ಹೆಸರನ್ನು ಒಂದು ಉಸಿರಿನಲ್ಲಿ ಕೆಳಗಿಟ್ಟು ಅವರು ಕೂತರು.

ಕಾರ್ಯದರ್ಶಿಗಳು ತಮ್ಮ ಗಡಿಯಾರ ತೆಗೆದರು. ಒಂಬತ್ತು ಗಂಟೆ. ಷಣ್ಮುಖಪ್ಪನವರ ಗಡಿಯಾರ ತೆಗೆದುಕೊಂಡು ನೋಡಿದರು. ಒಂಬತ್ತು ಹದಿನೇಳು. ಹುಬ್ಬು ಏರಿತು. "ಹಾಗಾದರೆ ಇದು ನಿಜ ಇರಬಹುದು," ಎಂದರು. ಜಗಳೂರು ಲೈನು ಮತ್ತೆ ಗೋಣೆಪ್ಪನ ಕಣ್ಣೆದುರು ಬಂದು ನಿಂತಿತು.

ಆದರೆ ಕಾರ್ಯದರ್ಶಿಗಳು ನ್ಯಾಯವಂತರು. ಒಬ್ಬರ ಮಾತು ಕೇಳಿ ಫಲಿತಾಂಶ ಬದಲಾಯಿಸುವವರಲ್ಲ. ಜನರ ಕಡೆ ತಿರುಗಿ ಕೇಳಿದರು. "ಏನ್ರಪ್ಪಾ, ಈ ಡ್ರೈವರು ಎಂಟು ಗಂಟೆಗೆ ಬರಲಿಲ್ಲವಂತೆ. ಹೌದೇ?"

ಇಂಥ ಮಾತನ್ನು ನ್ಯಾಮತಿಯಲ್ಲಿ ಅದುವರೆಗೆ ಯಾರೂ ಆಡಿರಲಿಲ್ಲ. ಚಾವಡಿಯಲ್ಲಿ ಗುಜುಗುಜು ಎದ್ದಿತು. ಪಟೇಲ ತಿಪ್ಪೇಶಪ್ಪನವರು ಕೋಲೂರಿ ಎದ್ದು ನಿಂತರು. ಅವರಿಗೆ ಗೋಣೆಪ್ಪನೆಂದರೆ ಅಕ್ಕರೆ. ಅವರ ಮಗಳ ಹೆರಿಗೆಗೆ ಹೊನ್ನಾಳಿಯಿಂದ ಸೂಲಗಿತ್ತಿಯನ್ನು ಕರೆತಂದವನು ಅವನೇ.

"ಸ್ವಾಮಿ," ಎಂದರು, "ನೀವು ಪರಸ್ಥಳದೋರು, ನಿಮಗೆ ಗೊತ್ತಿಲ್ಲ. ಗೋಣೆಪ್ಪನ ಮ್ಯಾಲೆ ಒಂದು ಮಾತು ಬರಾಕೆ ನಾವು ಬಿಡಂಗಿಲ್ಲ. ಎಂಟು ವರ್ಷ ಆತು, ಒಂದಿನ ಎಂಟು ತಪ್ಪಿಸಿದೋನಲ್ಲ. ಇವತ್ತೂ ಎಂಟಕ್ಕೇ ಬಂದಾನೆ. ಷಣ್ಮುಖಪ್ಪಗೆ ವಯಸ್ಸಾತು, ಏನೋ ಗಾಬರೀಲಿ ಹೇಳ್ತಾನೆ."

"ಹೌದು, ಎಂಟಕ್ಕೇ," ಎಂದಿತು ಬಜಾರು.

"ಪಟೇಲ್ರೆ," ಅಂದ ಗೋಣೆಪ್ಪ, "ನಾನು ಎಂಟಕ್ಕೆ ಬರಲಿಲ್ರೀ. ಮುಂಚೇನೇ ಬಂದೆ."

"ಸುಮ್ನಿರಪ್ಪ. ನಾವಿದೀವಿ," ಎಂದು ಅವನ ಬೆನ್ನು ತಟ್ಟಿದರು ಪಟೇಲರು.

ಕಾರ್ಯದರ್ಶಿಗಳು ಸಾಕ್ಷಿ ಕೇಳಿದರು. ನ್ಯಾಮತಿ ಸಾಕ್ಷಿ ತಂದಿತು. ಕಿರಾಣಿ ಅಂಗಡಿಯ ಗೋಡೆ ಗಡಿಯಾರವನ್ನು ಇಬ್ಬರು ಎತ್ತಿಕೊಂಡು ಬಂದರು. ಅಕ್ಕಸಾಲಿ ತಂದ, ಔಷಧದವನು ತಂದ, ಶಾಲೆಯ ಮೇಷ್ಟರು ತಂದರು. ಚಾವಡಿಯ ಜಗುಲಿಯ ಮೇಲೆ ಸಾಲಾಗಿ ಇಟ್ಟ ಹತ್ತೂ ಗಡಿಯಾರಗಳು ಷಣ್ಮುಖಪ್ಪನವರ ಗಡಿಯಾರದ ಜೊತೆ ಒಂದೇ ಹೊತ್ತು ತೋರಿಸುತ್ತಿದ್ದವು. ಕಾರ್ಯದರ್ಶಿಗಳು ಸಾಲಿನ ಉದ್ದಕ್ಕೂ ನಡೆದು ನೋಡಿದರು. ಬಳಿಕ ತಮ್ಮ ಗಡಿಯಾರವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

"ಸವಳಂಗದ ಹತ್ತಿರ ನಮ್ಮ ಕಾರು ಒಂದು ಹೊಂಡಕ್ಕೆ ಬಿತ್ತು," ಎಂದರು. "ಆಗ ಇದು ಸ್ವಲ್ಪ ಹೊತ್ತು ನಿಂತಿರಬೇಕು." ಮುಳ್ಳನ್ನು ಹದಿನೇಳು ನಿಮಿಷ ಮುಂದಕ್ಕೆ ತಿರುವಿ ಜೇಬಿಗೆ ಇಟ್ಟುಕೊಂಡರು.

"ಬಿಸಿಲು ಮೆಟ್ಲು ಹತ್ತಿರಲಿಲ್ಲ ಸ್ವಾಮಿ," ಎಂದ ಗೋಣೆಪ್ಪ.

"ನಿಯಮಾವಳಿಯಲ್ಲಿ ಬಿಸಿಲಿನ ವಿಷಯ ಏನೂ ಇಲ್ಲಪ್ಪ," ಎಂದರು ಕಾರ್ಯದರ್ಶಿಗಳು. ಗದರಿಸಿ ಹೇಳಲಿಲ್ಲ, ಮರ್ಯಾದೆಯಾಗಿಯೇ ಹೇಳಿದರು.

ಗೋಣೆಪ್ಪ ಸುತ್ತ ನೋಡಿದ. ಎಲ್ಲರೂ ಅವನನ್ನು ಪ್ರೀತಿಯಿಂದ ನೋಡುತ್ತಿದ್ದರು. ಅವನ ಮಾನ ಉಳಿಸಿದ ತೃಪ್ತಿ ಅವರ ಮುಖದಲ್ಲಿತ್ತು. ದ್ವೇಷದಿಂದ ಸೋಲಿಸಿದ್ದರೆ ಜಗಳವಾದರೂ ಆಡಬಹುದಿತ್ತು. ಇವರನ್ನು ಏನೆನ್ನಬೇಕೋ ಅವನಿಗೆ ತಿಳಿಯಲಿಲ್ಲ.

ಫಲಿತಾಂಶ ಓದಿದರು. ಪಾಪಣ್ಣ ನಲವತ್ತೊಂಬತ್ತು ನಿಮಿಷ, ಪ್ರಥಮ. ಮುರುಗೇಶಪ್ಪ ಐವತ್ತನಾಲ್ಕು, ದ್ವಿತೀಯ. ಗೋಣೆಪ್ಪ ಅರವತ್ತು, ತೃತೀಯ. ನಾಗೇಂದ್ರಪ್ಪ ಬಣವೆ. ಊರವರ ಒತ್ತಾಯದ ಮೇಲೆ, ವೇಳೆಯನ್ನು ತಪ್ಪದೆ ಪಾಲಿಸಿದ್ದಕ್ಕಾಗಿ ಗೋಣೆಪ್ಪನಿಗೆ ಒಂದು ವಿಶೇಷ ಬಹುಮಾನ ಕೊಡಲಾಯಿತು: ಒಂದು ಟೈಂಪೀಸು. ಅವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಜನ ಚಪ್ಪಾಳೆ ತಟ್ಟಿದರು. ಷಣ್ಮುಖಪ್ಪನವರು ತಟ್ಟಲಿಲ್ಲ. ಅವರು ಗಡಿಯಾರವನ್ನು ಸರಪಳಿಯಿಂದ ಬಿಚ್ಚಿ, ಮನೆಗೆ ಹೋಗಿ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಮತ್ತೆ ಅದನ್ನು ತೆಗೆದದ್ದನ್ನು ಯಾರೂ ನೋಡಿಲ್ಲ.

ಮಹೇಶ್ವರಪ್ಪನವರು ಗೋಣೆಪ್ಪನನ್ನು ಪಕ್ಕಕ್ಕೆ ಕರೆದರು. "ನಿನ್ನ ಮಾತು ನಂಬ್ತೀನಿ ಗೋಣೆಪ್ಪ. ಷಣ್ಮುಖಪ್ಪ ಸುಳ್ಳು ಹೇಳೋ ಪೈಕಿ ಅಲ್ಲ. ಆದ್ರೆ ನಾಲ್ಕು ಜನದ ಮುಂದೆ ಆಡಿದ ಮಾತು ಐತಲ್ಲ, ಅದನ್ನ ಹೆಂಗೆ ನುಂಗಲಿ?"

"ಆತ್ರೀ," ಎಂದ ಗೋಣೆಪ್ಪ.

ಹೊಸ ಲೈನು ಪಾಪಣ್ಣನಿಗೆ ಹೋಯಿತು. ಪಾಪಣ್ಣ ಕೆಟ್ಟವನಲ್ಲ. ಗೋಣೆಪ್ಪನ ಕೈ ಹಿಡಿದು, "ನೀನೇ ಗೆದ್ದಿದ್ದು ಅಂತ ನನಗೆ ಗೊತ್ತೈತೆ ಮಾರಾಯ. ಆದ್ರೆ ನನ್ನ ಮನೀ ಕಥೆ ನಿನಗೆ ಗೊತ್ತಲ್ಲ," ಎಂದ. ದಿನಾ ರಾತ್ರಿ ಅವನು ಬಿಳಿಚೋಡಿನಲ್ಲಿ ಬಸ್ಸು ನಿಲ್ಲಿಸಿ, ಸೀಟಿನ ಮೇಲೆ ಕಾಲು ಚಾಚಿ, ಸುಖವಾಗಿ ನಿದ್ದೆ ಮಾಡತೊಡಗಿದ.

ಗೋಣೆಪ್ಪ ಮತ್ತೆ ಏಳಕ್ಕೆ ಸವಳಂಗ ಬಿಟ್ಟ, ಎಂಟಕ್ಕೆ ನ್ಯಾಮತಿ ಮುಟ್ಟಿದ. ಬಾವಿಯ ತಿರುವಿನಲ್ಲಿ ಹಾರನ್ ಹೊಡೆಯುವಾಗ ಕೈ ಒಂದು ಗಳಿಗೆ ತಡೆಯುತ್ತಿತ್ತು, ಆದರೆ ಕೊಡ ಹೊತ್ತ ಹೆಂಗಸರು ಏನು ಪಾಪ ಮಾಡಿದ್ದರು? ಹೊಡೆಯುತ್ತಿದ್ದ. ಮಾಘದ ಅಮಾವಾಸ್ಯೆ ಬಂತು. ಅವನು ಊರಿಗೆ ಹೋಗಲಿಲ್ಲ. ಬಸ್ಸು ತಗೊಂಡೇ ಬರ್ತೀನಿ ಅಂದವನು ಯಾವ ಮುಖ ಹೊತ್ತು ಕಾಲ್ನಡಿಗೆಯಲ್ಲಿ ಹೋಗಬೇಕು? ಫಾಲ್ಗುಣದ ಅಮಾವಾಸ್ಯೆಗೂ ಹೋಗಲಿಲ್ಲ, ಮಾರನೆಯ ದಿನದ ಯುಗಾದಿಗೆ ಬೇವು ಬೆಲ್ಲವನ್ನು ಸವಳಂಗದ ಖಾನಾವಳಿಯಲ್ಲಿ ತಿಂದ. ಚೈತ್ರದ್ದು ಬರುವ ಹೊತ್ತಿಗೆ ಹೋಗದಿರುವುದೇ ರೂಢಿಯಾಗಿತ್ತು. ನಾಚಿಕೆಯ ಗುಣವೇ ಅದು. ಮೊದಲನೆಯ ಸಲ ಹೋಗದಿದ್ದದ್ದಕ್ಕೆ ಎರಡನೆಯ ಸಲ ಹೋಗಲು ನಾಚಿಕೆ, ಎರಡು ಸಲಕ್ಕೆ ಸೇರಿ ಮೂರನೆಯದಕ್ಕೆ ಇನ್ನೂ ನಾಚಿಕೆ. ರಾತ್ರಿ ಟೈಂಪೀಸು ಟಿಕ್ ಟಿಕ್ ಎನ್ನುವುದನ್ನು ಕೇಳುತ್ತ ಬಿದ್ದುಕೊಳ್ಳುತ್ತಿದ್ದ. ಕಡೆಗೆ ಅದಕ್ಕೆ ಕೀಲಿ ಕೊಡುವುದನ್ನು ಬಿಟ್ಟ.

ಚೈತ್ರದ ಅಮಾವಾಸ್ಯೆ ಕಳೆದು ಹತ್ತು ದಿನವಾಗಿರಬೇಕು. ಬೆಳಿಗ್ಗೆ ಏಳೂವರೆಯ ಹೊತ್ತು. ಸವಳಂಗ ಬಿಟ್ಟು ನಾಲ್ಕೈದು ಮೈಲಿ ಬಂದಿದ್ದ ಬಸ್ಸಿನ ಎದುರಿಗೆ ರಸ್ತೆ ತುಂಬ ಕುರಿ. ಬೇಸಿಗೆಯಲ್ಲಿ ಜಗಳೂರು ಕಡೆಯ ಕುರಿಯವರು ಹೊಳೆ ದಾಟಿ ಈ ಸೀಮೆಗೆ ಬಂದು, ರೈತರ ಹೊಲದಲ್ಲಿ ರಾತ್ರಿ ಕುರಿ ಕೂಡಿಸಿ ಗೊಬ್ಬರ ಬೀಳಿಸಿಕೊಡುವುದುಂಟು. ಗೋಣೆಪ್ಪ ಬ್ರೇಕ್ ಹಾಕಿದ. ಕಂಡಕ್ಟರ್ ಬಾಗಿಲಿಂದ ಜೋತುಬಿದ್ದು "ಹೋಯ್! ದಾರಿ ಬಿಡ್ರೀ!" ಎಂದು ಕೂಗಿದ. ಕುರಿಗಳು ದಾರಿ ಬಿಡಲಿಲ್ಲ. ಬಸ್ಸಿನ ನೆರಳು ತಂಪಾಗಿದೆಯೆಂದು ಕೆಲವು ಅದರ ಪಕ್ಕದಲ್ಲೇ ಮಲಗಿದವು. ಗೋಣೆಪ್ಪ ಕುರಿಗಳ ಕಿವಿ ನೋಡಿದ. ಎಡಗಿವಿಯಲ್ಲಿ ಎರಡು ಕಚ್ಚು ಇತ್ತು. ಅದು ಅವನ ಮನೆಯ ಗುರುತು.

ಕುರಿಗಳ ಹಿಂದೆ ತಲೆಯ ಮೇಲೆ ಕಂಬಳಿ ಹೊದ್ದು, ಕೈಯಲ್ಲಿ ಕೋಲು ಹಿಡಿದು ಅಜ್ಜಮ್ಮ ನಡೆದು ಬಂದಳು. ಅತ್ತೆಯನ್ನು ನಾದಿನಿಯ ಮನೆಯಲ್ಲಿ ಬಿಟ್ಟು, ಎಂಟು ದಿನ ನಡೆದು ಬಂದಿದ್ದಳು. ನ್ಯಾಮತಿಯಲ್ಲಿ ಕಾಯಿ, ಎಂಟಕ್ಕೆ ಬರ್ತಾನೆ ಎಂದು ಜನ ಹೇಳಿದರೂ ಆಕೆ ಕಾಯಲಿಲ್ಲ. ಬಸ್ಸು ಬರುವ ದಿಕ್ಕಿಗೆ ಕುರಿ ಹೊಡೆದುಕೊಂಡು ಮುಂದಕ್ಕೆ ಬಂದುಬಿಟ್ಟಿದ್ದಳು.

ಗೋಣೆಪ್ಪ ಇಳಿದ. ಇಬ್ಬರೂ ಎದುರುಬದುರು ನಿಂತರು. ಬಸ್ಸಿನ ಕಿಟಕಿಗಳಲ್ಲಿ ತಲೆಗಳು ತುಂಬಿದವು.

"ಮೂರು ಅಮಾಸಿ ಆತು," ಅಂದಳು ಅಜ್ಜಮ್ಮ. "ಯಾಕೆ ಬರ್ಲಿಲ್ಲ?"

"ಸೋತೆ ಕಣೆ."

"ಸೋತಿದ್ದು ಗೊತ್ತೈತೆ. ಪಾಪಣ್ಣ ದಿನಾ ನಮ್ಮೂರಾಗೇ ಮಲಗ್ತಾನೆ, ಅವನೇ ಹೇಳಿದ. ನಾನು ಕೇಳಿದ್ದು ಅದಲ್ಲ. ಯಾಕೆ ಬರ್ಲಿಲ್ಲ?"

ಗೋಣೆಪ್ಪ ನೆಲ ನೋಡಿದ. "ಬಸ್ಸು ತಗೊಂಡು ಬರ್ತೀನಿ ಅಂದಿದ್ದೆ. ಬರಿಗೈಲಿ ಹೆಂಗೆ ಬರಾಕೆ ಆಗ್ತೈತೆ."

"ನಾನೇನು ಬಸ್ಸನ್ನ ಮದಿವಿ ಆಗಿದ್ನಾ?"

ಗೋಣೆಪ್ಪನಿಗೆ ಅಳು ಬಂತು. ಚಾವಡಿಯಲ್ಲಿ ಬಾರದ್ದು, ಟೈಂಪೀಸು ಇಸಿದುಕೊಳ್ಳುವಾಗ ಬಾರದ್ದು, ಯುಗಾದಿಯ ದಿನ ಒಬ್ಬನೇ ಬೇವು ತಿನ್ನುವಾಗ ಬಾರದ್ದು ಈಗ ರಸ್ತೆಯ ಮಧ್ಯೆ, ಮೂವತ್ತು ಜನ ಪ್ರಯಾಣಿಕರ ಎದುರಿಗೆ ಬಂತು. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಅಜ್ಜಮ್ಮ ಕಂಬಳಿಯ ಮೂಲೆಯಲ್ಲಿ ಕಟ್ಟಿದ್ದ ಗಂಟು ಬಿಚ್ಚಿ ರೊಟ್ಟಿ ತೆಗೆದು ಅವನ ಕೈಗೆ ಕೊಟ್ಟಳು. ಎಂಟು ದಿನದ ರೊಟ್ಟಿ, ಒಣಗಿ ಕಟಿಯಾಗಿತ್ತು. ಅವನು ಮುರಿದು ಬಾಯಿಗೆ ಹಾಕಿಕೊಂಡ.

"ಗೋಣೆಪ್ಪಣ್ಣಾ," ಎಂದು ಕಂಡಕ್ಟರ್ ಕೂಗಿದ, "ಎಂಟಾಗಾಕೆ ಬಂತು!"

ಅಜ್ಜಮ್ಮನೂ ನೆರಳು ನೋಡಿದಳು. "ಹೊರಡ್ರಿ," ಅಂದಳು. "ನ್ಯಾಮತಿಯಾಗೆ ಜನ ಕಾಯ್ತಿರ್ತಾರೆ."

"ಕಾಯ್ಲಿ ಬಿಡು," ಎಂದ ಗೋಣೆಪ್ಪ, ಮತ್ತು ರಸ್ತೆಯ ಬದಿಯಲ್ಲಿ ಆಕೆಯ ಪಕ್ಕ ಕೂತುಕೊಂಡ.